ಆಸ್ಪತ್ರೆ ಚೀಟಿಯ ಮಾತುಗಳು: ಕ್ಯಾನ್ಸರ್ ಕುರಿತು ತಿಳಿದಿರಬೇಕಾದ ಪದಗಳು

(ಬೆಂಗಳೂರು ದಕ್ಷಿಣ ಭಾಗದ ಸಂಘಗಳ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಈ ಸಭೆಗಳಲ್ಲಿ ನಾನು ಮಾತನಾಡುವುದು ಕೆಚ್ಚಲು ಬಾವು, ಬೆದೆ, ಖನಿಜ ಮಿಶ್ರಣ ಇಂಥ ವಿಷಯ. ಇಂದು ಮನುಷ್ಯರ ಕಾಯಿಲೆಯೊಂದರ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಾನು ಮನುಷ್ಯರ ವೈದ್ಯನಲ್ಲ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣ ನೀವೇ. ಕೊಟ್ಟಿಗೆಯಲ್ಲಿ ಹಸು ನೋಡಿ ನಾನು ಕೈ ತೊಳೆಯುವ ಹೊತ್ತಿಗೆ ಮನೆಯೊಳಗಿಂದ ಪ್ಲಾಸ್ಟಿಕ್ ಚೀಲ ಬರುತ್ತದೆ. ಅದರೊಳಗೆ ಆಸ್ಪತ್ರೆ ಕಾಗದ. "ಸ್ವಲ್ಪ ಓದಿ ಹೇಳಿ ಡಾಕ್ಟ್ರೇ, ಏನು ಬರೆದಿದ್ದಾರೆ?" ಈಚಿನ ವರ್ಷಗಳಲ್ಲಿ ಆ ಚೀಲದೊಳಗೆ ಕ್ಯಾನ್ಸರ್ ಕಾಗದಗಳು ಹೆಚ್ಚಾಗಿ ಕಾಣುತ್ತಿವೆ.

ಒಂದು ಚೀಟಿಯ ವಿಷಯ ಹೇಳಿಬಿಡುತ್ತೇನೆ. ಹೆಂಡತಿಯ ಎದೆಯಲ್ಲಿ ಗಂಟು ಎಂದು ತೋರಿಸಿಕೊಂಡು ಬಂದವರೊಬ್ಬರ ಮನೆ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಸಿ ಮತ್ತು ಎ ಎಂಬ ಎರಡಕ್ಷರ, ಅದರ ಹಿಂದೆ ಒಂದು ಪ್ರಶ್ನೆ ಚಿಹ್ನೆ. ಯಜಮಾನರು ಅದನ್ನು ಕ್ಯಾಲ್ಸಿಯಂ ಎಂದು ಓದಿಕೊಂಡಿದ್ದರು. ಅವರದೂ ತಪ್ಪಲ್ಲ. ಕರು ಹಾಕಿದ ಹಸು ಹಾಲುಜ್ವರದಿಂದ ಬಿದ್ದಾಗ ನಾವು ಚೀಟಿಯಲ್ಲಿ ಬರೆಯುವುದೂ ಅದೇ ಎರಡಕ್ಷರ! ಮೂರು ತಿಂಗಳು ಕ್ಯಾಲ್ಸಿಯಂ ಮಾತ್ರೆ ನುಂಗಿಸಿದ್ದರು. ಮನುಷ್ಯರ ಚೀಟಿಯಲ್ಲಿ ಆ ಎರಡಕ್ಷರದ ಪಕ್ಕ ಅಂಗದ ಹೆಸರಿದ್ದರೆ ಅದು ಕಾರ್ಸಿನೋಮ, ಅಂದರೆ ಒಂದು ಬಗೆಯ ಕ್ಯಾನ್ಸರ್. ಹಿಂದಿನ ಪ್ರಶ್ನೆ ಚಿಹ್ನೆಗೆ "ಅನುಮಾನವಿದೆ, ಪರೀಕ್ಷೆ ಮಾಡಿ ನೋಡಬೇಕು" ಎಂದು ಅರ್ಥ. ಆ ತಾಯಿ ಆಮೇಲೆ ಚಿಕಿತ್ಸೆ ಪಡೆದರು, ಈಗಲೂ ಹಾಲು ಹಾಕುತ್ತಿದ್ದಾರೆ. ಆದರೆ ಮೂರು ತಿಂಗಳು ಸುಮ್ಮನೆ ಹೋಯಿತು.

ಇಂಗ್ಲಿಷ್ ಪದ ನಮಗೆ ಹತ್ತುವುದಿಲ್ಲ ಎಂದು ಯಾರೂ ಹೇಳಬೇಡಿ. ಎಸ್‌ಎನ್‌ಎಫ್ ಎಂಬ ಮಾತು ನಿಮ್ಮ ಅಜ್ಜಿಗೆ ಯಾವ ಶಾಲೆಯಲ್ಲಿ ಕಲಿಸಿದರು? ಇಂದು "ನನ್ನ ಹಾಲು 8.5 ಬಂದಿದೆ, ನೀನು 8.3 ಅಂತ ಯಾಕೆ ಬರೆದೆ" ಎಂದು ಹಾಲು ಪರೀಕ್ಷಕನನ್ನು ಅವರೇ ನಿಲ್ಲಿಸಿ ಕೇಳುತ್ತಾರೆ. ದುಡ್ಡಿಗೆ ಸಂಬಂಧಪಟ್ಟ ಪದವಾದ್ದರಿಂದ ಕಲಿತರು. ಈ ಪದಗಳು ಜೀವಕ್ಕೆ ಸಂಬಂಧಪಟ್ಟವು. ಬಿಟಿಎಂ ಬಡಾವಣೆ ಎನ್ನುತ್ತೇವಲ್ಲ, ಆ ಮೂರಕ್ಷರದೊಳಗೆ ಇರುವುದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ನಮ್ಮ ಹಳೆಯ ಹಳ್ಳಿಗಳೇ. ಆಸ್ಪತ್ರೆಯ ಅಕ್ಷರಗಳನ್ನು ಬಿಡಿಸಿದರೂ ಒಳಗೆ ಸಾದಾ ಮಾತುಗಳೇ ಸಿಗುತ್ತವೆ.

ನಮ್ಮ ಡೈರಿ ಸರ್ಕಲ್ಲಿನಿಂದ ಕಿದ್ವಾಯಿ ಆಸ್ಪತ್ರೆಗೆ ನಡೆದೇ ಹೋಗಬಹುದು. 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿದ ಸಂಸ್ಥೆ ಅದು. ಕರ್ನಾಟಕದ ಮೂಲೆಮೂಲೆಯಿಂದ, ಪಕ್ಕದ ರಾಜ್ಯಗಳಿಂದಲೂ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬರುತ್ತಾರೆ. ಸಾರಕ್ಕಿ, ಪುಟ್ಟೇನಹಳ್ಳಿಯ ಓಣಿಗಳಲ್ಲಿ ಇನ್ನೂ ಹಸು ಕಟ್ಟಿಕೊಂಡಿರುವ ನಮ್ಮವರಿಗೆ, ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆಯ ಸಂಘಗಳವರಿಗೆ ಅದು ಕೂಗಳತೆಯ ದೂರ. ಆದರೂ ನಮ್ಮವರು ತಡವಾಗಿಯೇ ಹೋಗುತ್ತಾರೆ. ಹೋದವರಲ್ಲಿ ಕೆಲವರು ಒಂದು ಪದಕ್ಕೆ ಹೆದರಿ ಅರ್ಧಕ್ಕೇ ಬಿಟ್ಟು ಬರುತ್ತಾರೆ.

ಮೊದಲು ಗಡ್ಡೆ ಎಂಬ ಮಾತು. ಟ್ಯೂಮರ್, ಗ್ರೋತ್, ಮಾಸ್, ಲಂಪ್ ಎಂದು ಏನೇ ಬರೆದಿರಲಿ, ಅದರ ಅರ್ಥ "ಇರಬಾರದ ಕಡೆ ಏನೋ ಬೆಳೆದಿದೆ" ಎಂದಷ್ಟೆ. ಕ್ಯಾನ್ಸರ್ ಎಂದು ಅಲ್ಲ. ಪಡ್ಡೆಯ ಕತ್ತಿನ ಮೇಲೆ, ಹಸುವಿನ ಮೊಲೆತೊಟ್ಟಿನ ಮೇಲೆ ನರಹುಲಿ ಎದ್ದಿರುವುದನ್ನು ನೋಡಿದ್ದೀರಿ. ಅದೂ ಗಡ್ಡೆಯೇ. ಬೆಳೆದಲ್ಲೇ ಇರುತ್ತದೆ, ಎಷ್ಟೋ ಸಲ ತಾನಾಗಿ ಉದುರಿಹೋಗುತ್ತದೆ. ಇಂಥದ್ದಕ್ಕೆ ಬಿನೈನ್ ಎನ್ನುತ್ತಾರೆ, ಸಾಧು ಗಡ್ಡೆ. ಇನ್ನು ಎತ್ತುಗಳಿಗೆ ಬರುವ ಕೊಂಬಿನ ಕ್ಯಾನ್ಸರ್ ಹಿರಿಯರಿಗೆ ಗೊತ್ತಿರುತ್ತದೆ. ಎತ್ತು ತಲೆ ಕೊಡವುತ್ತದೆ, ಒಂದು ಕೊಂಬು ವಾಲುತ್ತದೆ, ಅದೇ ಕಡೆಯ ಮೂಗಿನ ಹೊಳ್ಳೆಯಲ್ಲಿ ರಕ್ತ ಬರುತ್ತದೆ, ಕೊಂಬಿನ ಬುಡ ಮೆತ್ತಗಾಗಿ ನಾರುತ್ತದೆ. ಅದು ಬೇಲಿ ದಾಟುವ ಗಡ್ಡೆ, ಸುತ್ತಲಿನ ಮೂಳೆ ಮಾಂಸವನ್ನೂ ತಿನ್ನುತ್ತದೆ. ಇದಕ್ಕೆ ಮ್ಯಾಲಿಗ್ನೆಂಟ್ ಎನ್ನುತ್ತಾರೆ, ಅಂದರೆ ಮಾರಕ ಗಡ್ಡೆ. ಕ್ಯಾನ್ಸರ್ ಎನ್ನುವುದು ಇದನ್ನು.

ಕಣ್ಣಿಗೆ ನೋಡಿ ಇದು ಸಾಧು, ಇದು ಮಾರಕ ಎಂದು ಖಚಿತವಾಗಿ ಹೇಳಲಾಗದು. ನೋವಿಲ್ಲ ಎಂಬುದನ್ನು ಸಮಾಧಾನದ ಸಂಗತಿ ಎಂದು ನಮ್ಮ ಹೆಣ್ಣುಮಕ್ಕಳು ತಿಳಿಯುತ್ತಾರೆ. ಎದೆಯ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನೋವಿಗಾಗಿ ಕಾಯಬೇಡಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ಹಾಗೆಯೇ. ಇದನ್ನು ಗಂಡಸರ ಮುಂದೆ ಹೇಳಿದ್ದಕ್ಕೆ ತಾಯಂದಿರು ಬೇಸರಿಸಬಾರದು. ಹಸುವಿಗೆ ಕೃತಕ ಗರ್ಭಧಾರಣೆ ಮಾಡುವಾಗ ಗರ್ಭಕಂಠ ದಾಟಿಸಬೇಕು ಎಂದು ನಾವು ಸಂಕೋಚವಿಲ್ಲದೆ ಮಾತನಾಡುತ್ತೇವೆ. ಮನೆಯ ಹೆಂಗಸಿನ ಅದೇ ಭಾಗಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಹೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ಗರ್ಭಕಂಠದಿಂದ ಸ್ವಲ್ಪ ಒರೆಸಿ ತೆಗೆದು ನೋಡುವ ಪರೀಕ್ಷೆಗೆ ಪ್ಯಾಪ್ ಸ್ಮಿಯರ್ ಎಂದು ಹೆಸರು. ಕೆಲವೇ ನಿಮಿಷದ ಕೆಲಸ.

ಈಗ ಎಲ್ಲರೂ ಹೆದರುವ ಪದಕ್ಕೆ ಬರೋಣ. ಬಯಾಪ್ಸಿ. "ಸೂಜಿ ತಗುಲಿದರೆ, ಕತ್ತಿ ತಗುಲಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ" ಎಂಬ ಮಾತು ಪ್ರತಿ ಊರಿನಲ್ಲೂ ಇದೆ. ಈ ಮಾತಿನಿಂದ ಆಗಿರುವ ಹಾನಿ ಅಷ್ಟಿಷ್ಟಲ್ಲ. ಗಡ್ಡೆಯಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಬಯಾಪ್ಸಿ. ಸಣ್ಣ ಸೂಜಿಯಿಂದ ಒಂದಿಷ್ಟು ಜೀವಕೋಶ ಎಳೆದು ನೋಡುವುದು ಎಫ್‌ಎನ್‌ಎಸಿ. ಇದರಿಂದ ಕ್ಯಾನ್ಸರ್ ಹರಡುವುದು ತೀರಾ ವಿರಳ, ಸೂಜಿ ಎಲ್ಲಿಂದ ಹೋಗಬೇಕೆಂದು ವೈದ್ಯರು ಯೋಚಿಸಿಯೇ ಮಾಡುತ್ತಾರೆ. ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ಜನ ಆಸ್ಪತ್ರೆಗೆ ಹೋಗುವುದೇ ರೋಗ ಬಲಿತ ಮೇಲೆ. ಹೋದ ದಿನ ಬಯಾಪ್ಸಿ ಆಗುತ್ತದೆ, ತಿಂಗಳೊಳಗೆ ರೋಗಿ ಇಳಿಯುತ್ತಾರೆ. ಊರವರಿಗೆ ಕಣ್ಣಿಗೆ ಕಂಡದ್ದು ಸೂಜಿ, ಅದಕ್ಕೆ ಮುಂಚಿನ ಎಂಟು ತಿಂಗಳು ಕಾಣಲಿಲ್ಲ. ಹಾಲು ಪರೀಕ್ಷೆ ಮಾಡದೆ ಯಾವ ಸಂಘವೂ ದರ ಹಾಕುವುದಿಲ್ಲ. ಚೂರು ನೋಡದೆ ಯಾವ ವೈದ್ಯರೂ ಕ್ಯಾನ್ಸರ್ ಔಷಧ ಶುರು ಮಾಡಲಾರರು.

ಬಯಾಪ್ಸಿ ವರದಿಯಲ್ಲಿ ಕೆಲವು ಮಾತು ಗಮನಿಸಿ. ಇನ್‌ಅಡಿಕ್ವೇಟ್ ಎಂದಿದ್ದರೆ ತೆಗೆದ ಚೂರು ಸಾಲದು, ಮತ್ತೆ ತೆಗೆಯಬೇಕು ಎಂದರ್ಥ. "ಏನೂ ಇಲ್ಲವಂತೆ" ಎಂದು ಮನೆಗೆ ಬಂದುಬಿಡಬೇಡಿ. ಗ್ರೇಡ್ ಎಂದು 1, 2, 3 ಹಾಕಿದ್ದರೆ ಗಡ್ಡೆಯ ಜೀವಕೋಶಗಳ ಸ್ವಭಾವ, ಎಷ್ಟು ಚುರುಕಾಗಿ ಬೆಳೆಯುವಂಥವು ಎಂಬ ಅಂದಾಜು. ಸ್ಟೇಜ್ ಬೇರೆ. ಅದು ರೋಗ ಎಲ್ಲಿಯವರೆಗೆ ಹೋಗಿದೆ ಎಂಬ ಅಳತೆ, 1ರಿಂದ 4. ಗ್ರೇಡ್ 3 ಎಂದು ಓದಿ ಮೂರನೇ ಸ್ಟೇಜ್ ಎಂದು ತಿಳಿದು ಹಸು ಮಾರಿ ಸಾಲ ತೀರಿಸಲು ಹೊರಟವರನ್ನು ನೋಡಿದ್ದೇನೆ. ಅವರದು ಎರಡನೇ ಸ್ಟೇಜ್ ಆಗಿತ್ತು. ಎರಡೂ ಪದವನ್ನು ಬೇರೆ ಬೇರೆಯಾಗಿ ಕೇಳಿ ತಿಳಿಯಿರಿ.

ಸ್ಟೇಜ್ ಜೊತೆಗೇ ಬರುವ ಪದ ಮೆಟಾಸ್ಟಾಸಿಸ್, ಸೆಕೆಂಡರೀಸ್ ಎಂದೂ ಬರೆಯುತ್ತಾರೆ. ರೋಗದ ಬೀಜ ರಕ್ತದಲ್ಲೋ ದುಗ್ಧರಸದಲ್ಲೋ ಸಾಗಿ ಬೇರೆ ಕಡೆ ಊರುವುದು. ಎದೆಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋದರೆ "ಇನ್ನೊಂದು ಹೊಸ ಕ್ಯಾನ್ಸರ್ ಬಂತು" ಎನ್ನುತ್ತಾರೆ ನಮ್ಮವರು. ಪಕ್ಕದ ಹೊಲದ ಪಾರ್ಥೇನಿಯಂ ಬೀಜ ಹಾರಿ ನಿಮ್ಮ ರಾಗಿ ಹೊಲದಲ್ಲಿ ಹುಟ್ಟಿದರೂ ಅದು ಪಾರ್ಥೇನಿಯಮ್ಮೇ. ಹಾಗೆ ಶ್ವಾಸಕೋಶದಲ್ಲಿದ್ದರೂ ಅದು ಎದೆಯ ಕ್ಯಾನ್ಸರೇ, ಔಷಧವೂ ಅದಕ್ಕೆ ತಕ್ಕದ್ದೇ. ಇನ್ನು ನೋಡ್ ಎಂದರೆ ದುಗ್ಧಗ್ರಂಥಿ. ಥೈಲೇರಿಯಾ ಜ್ವರ ಬಂದ ಮಿಶ್ರತಳಿ ಹಸುವಿನ ಭುಜದ ಮುಂದೆ ನಿಂಬೆಹಣ್ಣಿನಂತೆ ಊದುತ್ತದಲ್ಲ, ಅದೇ ಜಾತಿಯ ಗ್ರಂಥಿ. ಸೋಂಕಿಗೂ ಊದುತ್ತದೆ, ಕ್ಯಾನ್ಸರಿಗೂ ಊದುತ್ತದೆ. ಶಸ್ತ್ರಚಿಕಿತ್ಸೆಯ ವರದಿಯಲ್ಲಿ 14ರಲ್ಲಿ 2 ಎಂದಿದ್ದರೆ, ತೆಗೆದ 14 ಗ್ರಂಥಿಗಳಲ್ಲಿ 2ರಲ್ಲಿ ರೋಗವಿತ್ತು ಎಂದರ್ಥ. ಮಾರ್ಜಿನ್ ಎಂದರೆ ಕೊಯ್ದ ಅಂಚು. ಅಂಚು ನೆಗೆಟಿವ್ ಎಂದರೆ ಒಳ್ಳೆಯದು, ಅಂಚಿನಲ್ಲಿ ರೋಗ ಉಳಿದಿಲ್ಲ. ಎತ್ತಿನ ಕೊಂಬನ್ನು ಬುಡದವರೆಗೆ ತೆಗೆಯದಿದ್ದರೆ ಮತ್ತೆ ಚಿಗುರುವುದು ಅಂಚಿನಿಂದಲೇ.

ಪಾಸಿಟಿವ್, ನೆಗೆಟಿವ್ ಎಂಬ ಈ ಎರಡು ಪದಗಳು ಮಾಡುವಷ್ಟು ಗೊಂದಲ ಬೇರೆ ಯಾವುದೂ ಮಾಡುವುದಿಲ್ಲ. ಗರ್ಭ ಪರೀಕ್ಷೆ ಪಾಸಿಟಿವ್ ಎಂದರೆ ನಿಮಗೆ ಹಬ್ಬ. ಕಂದು ರೋಗ ಪಾಸಿಟಿವ್ ಎಂದರೆ ಮನೆಯೇ ಸಪ್ಪೆ. ಪದ ಒಂದೇ, ಯಾವುದಕ್ಕೆ ಪಾಸಿಟಿವ್ ಎಂಬುದು ಮುಖ್ಯ. ಎದೆಯ ಕ್ಯಾನ್ಸರ್ ವರದಿಯಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಸಾಲು ಇರುತ್ತವೆ. ಇಆರ್ ಪಾಸಿಟಿವ್ ಎಂದರೆ ಆ ಗಡ್ಡೆ ಹೆಣ್ಣು ಹಾರ್ಮೋನಿನ ಆಸರೆಯಿಂದ ಬೆಳೆಯುವಂಥದ್ದು, ಆದ್ದರಿಂದ ಹಾರ್ಮೋನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಟ್ಯಾಮಾಕ್ಸಿಫೆನ್ ಅಂಥದ್ದು. ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ನುಂಗಬೇಕು. ಮೂರೂ ನೆಗೆಟಿವ್ ಎಂದು ಬಂದರೆ "ಏನೂ ಇಲ್ಲ" ಎಂದು ಸಿಹಿ ಹಂಚಬೇಡಿ. ಆ ಬಗೆಗೆ ಹಾರ್ಮೋನು ಮಾತ್ರೆ ನಾಟುವುದಿಲ್ಲ, ಬೇರೆ ದಾರಿಯಲ್ಲಿ ಚಿಕಿತ್ಸೆ ಕೊಡಬೇಕು ಎಂದು ಅದರ ಅರ್ಥ.

ಚಿಕಿತ್ಸೆಯ ಪದಗಳು ಇನ್ನು. ಶಸ್ತ್ರಚಿಕಿತ್ಸೆ ಗೊತ್ತೇ ಇದೆ. ರೇಡಿಯೇಷನ್ನಿಗೆ ನಮ್ಮ ಕಡೆ "ಕರೆಂಟ್ ಕೊಡಿಸುವುದು" ಎನ್ನುತ್ತಾರೆ. ಆ ಹೆಸರಿಗೇ ಅರ್ಧ ಜನ ಓಡಿಹೋಗುತ್ತಾರೆ. ಅದರಲ್ಲಿ ಮೈಗೆ ಕರೆಂಟ್ ಹೊಡೆಯುವುದಿಲ್ಲ. ಎಕ್ಸ್‌ರೇ ಜಾತಿಯ ಬಲವಾದ ಕಿರಣವನ್ನು ಗಡ್ಡೆ ಇರುವ ಜಾಗಕ್ಕೆ ಗುರಿಯಿಟ್ಟು ಬಿಡುತ್ತಾರೆ, ಬಿಡುವಾಗ ನೋವು ತಿಳಿಯುವುದಿಲ್ಲ. ಕೆಲವು ದಿನಗಳಾದ ಮೇಲೆ ಆ ಜಾಗದ ಚರ್ಮ ಕಪ್ಪಾಗುವುದು, ಬಾಯಿ ಹುಣ್ಣಾಗುವುದು ಉಂಟು. ಹೊರಗಿನ ಯಂತ್ರದಿಂದ ಕಿರಣ ಕೊಡಿಸಿಕೊಂಡು ಬಂದವರ ಮೈಯಲ್ಲಿ ಕಿರಣ ಉಳಿದಿರುವುದಿಲ್ಲ. ಮಕ್ಕಳನ್ನು ಎತ್ತಿಕೊಳ್ಳಬಹುದು, ಅವರು ಕರೆದ ಹಾಲಿಗೆ ಏನೂ ಆಗುವುದಿಲ್ಲ. ಇದನ್ನು ಹೇಳಲು ಕಾರಣವಿದೆ. ಅಂಥ ಮನೆಯ ಹಾಲನ್ನು ಡಬ್ಬಿಗೆ ಹಾಕಿಸಿಕೊಳ್ಳಲು ಹಿಂದೆಮುಂದೆ ನೋಡಿದ ಜನರೂ ಇದ್ದಾರೆ. ಒಂದು ದಿನದ ಕಿರಣಕ್ಕೆ ಫ್ರಾಕ್ಷನ್ ಎನ್ನುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ. ಬಾಯಿ ಕ್ಯಾನ್ಸರಿನ ಒಬ್ಬ ಸದಸ್ಯರು ಗಡ್ಡೆ ಕರಗಿತೆಂದು ನಡುವೆ ಬಿಟ್ಟು ರಾಗಿ ಕಟಾವಿಗೆ ಬಂದರು. ಕೆಚ್ಚಲು ಬಾವಿಗೆ ಎರಡು ಟ್ಯೂಬ್ ಹಾಕಿ, ಗಡಸು ಇಳಿಯಿತೆಂದು ಮೂರನೆಯದನ್ನು ಗೂಡಿನಲ್ಲಿಟ್ಟ ಹಾಗೆ. ಬಾವು ಮರುಕಳಿಸಿದರೆ ಒಂದು ಮೊಲೆ ಹೋಗುತ್ತದೆ. ಅವರು ಮತ್ತೆ ಹೋದಾಗ ಮೊದಲಿನ ಲೆಕ್ಕದ ಚಿಕಿತ್ಸೆ ಸಾಕಾಗಲಿಲ್ಲ. ಈಗ ಅವರಿಲ್ಲ.

ಕೀಮೋ ಎಂದರೆ ಔಷಧ ಚಿಕಿತ್ಸೆ. ಅಂಗಳದಲ್ಲಿ ಬೆಳೆಯುವ ಕಾಶಿ ಕಣಗಿಲೆ, ನಿತ್ಯಪುಷ್ಪ ಎನ್ನುವ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಅಂಥ ಔಷಧಗಳಲ್ಲೊಂದು. ನಾಯಿಗಳ ಜನನಾಂಗದ ಗಡ್ಡೆಗೆ ನಾವು ಕೊಡುವುದೂ ಅದನ್ನೇ. ಹಾಗೆಂದು ಯಾರೂ ಎಲೆ ಅರೆದು ಕುಡಿಯಬೇಡಿ, ಅದು ವಿಷ. ಕೀಮೋವನ್ನು ಸೈಕಲ್ ಲೆಕ್ಕದಲ್ಲಿ ಕೊಡುತ್ತಾರೆ. ಅನೇಕ ಔಷಧಗಳಿಗೆ 21 ದಿನಕ್ಕೊಂದು ಸೈಕಲ್. ಹಸುವಿನ ಬೆದೆ ಲೆಕ್ಕ ಇಡುವ ನಿಮಗೆ 21 ದಿನ ಹೇಳಿಕೊಡಬೇಕಾಗಿಲ್ಲ. ಔಷಧ ಕ್ಯಾನ್ಸರ್ ಕೋಶದ ಜೊತೆಗೆ ರಕ್ತ ಹುಟ್ಟುವ ಮಜ್ಜೆಯನ್ನೂ, ಕೂದಲ ಬುಡವನ್ನೂ ಹೊಡೆಯುತ್ತದೆ. ಅವು ಚೇತರಿಸಿಕೊಳ್ಳಲಿ ಎಂದು ನಡುವೆ ಬಿಡುವು. "ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ" ಎಂದು ಕಳುಹಿಸಿದರೆ ರಕ್ತದ ಕಣಗಳು ಇನ್ನೂ ಏರಿಲ್ಲ ಎಂದರ್ಥ. ಅಲೆದಾಡಿಸುತ್ತಿದ್ದಾರೆ ಎಂದು ಸಿಟ್ಟಾಗಬೇಡಿ.

ಇಲ್ಲಿ ಪಶುವೈದ್ಯನಾಗಿ ನಾನು ಒತ್ತಿ ಹೇಳಬೇಕಾದ ಮಾತಿದೆ. ಕೀಮೋ ಆದ ಮೇಲೆ ಒಂದೆರಡು ವಾರ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆ ದಿನಗಳಲ್ಲಿ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಬೇಕು. ಹಸುವಿಗೆ 101.5 ಡಿಗ್ರಿ ಇದ್ದರೆ "ಸರಿಯಾಗಿದೆ" ಎಂದು ನಾವು ಹೇಳುವುದನ್ನು ಕೇಳಿ ಕೇಳಿ ನಿಮ್ಮ ಕಿವಿಗೆ 101 ಅಭ್ಯಾಸವಾಗಿದೆ. ಹಸುವಿನ ಲೆಕ್ಕ ಮನುಷ್ಯರಿಗೆ ಹಾಕಬೇಡಿ. ಕೀಮೋ ನಡೆಯುವಷ್ಟು ಕಾಲ ಅವರು ಹಸಿ ಹಾಲು ಕುಡಿಯಬಾರದು, ಚೆನ್ನಾಗಿ ಕುದಿಸಿಯೇ ಕೊಡಿ. ಕರು ಹಾಕಿಸುವ ಕೆಲಸ, ಸತ್ತೆ ಎತ್ತಿಹಾಕುವುದು, ಕಂದು ಹಾಕಿದ ಹಸುವಿನ ಹತ್ತಿರ ಹೋಗುವುದು ಅವರಿಗೆ ಬೇಡ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ನಾವು ಹಾಕುವ ಕಂದು ರೋಗದ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಆ ದಿನ ಕರು ಹಿಡಿಯಲು ಬೇರೆಯವರು ಬರಲಿ. ಕಿದ್ವಾಯಿಯ ವೈದ್ಯರು ಇದನ್ನು ಕೇಳದೆ ಹೇಳಲಾರರು, ಏಕೆಂದರೆ ನಿಮ್ಮ ಮನೆಯಲ್ಲಿ ಕೊಟ್ಟಿಗೆ ಇದೆ ಎಂದು ಅವರಿಗೆ ಗೊತ್ತಿಲ್ಲ. ಮೊದಲ ದಿನವೇ "ನಾವು ಹಸು ಸಾಕುವವರು" ಎಂದು ಹೇಳಿಬಿಡಿ.

ಕೆಲವು ಪದ ಬೇಗ ಮುಗಿಸುತ್ತೇನೆ. ಅಡ್ಜುವೆಂಟ್ ಎಂದರೆ ಜೊತೆಗೂಡಿ ನೆರವಾಗುವುದು. ಕಾಲುಬಾಯಿ ಜ್ವರದ ಲಸಿಕೆಯಲ್ಲಿ ಎಣ್ಣೆಯ ಅಡ್ಜುವೆಂಟ್ ಇರುತ್ತದೆ, ಲಸಿಕೆಯ ಬಲ ಹೆಚ್ಚಿಸಲು. ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಉಳಿದ ಬೇರು ಸಾಯಲೆಂದು ಕೊಡುವ ಔಷಧಕ್ಕೆ ಆ ಹೆಸರು. "ಗಡ್ಡೆ ಪೂರ್ತಿ ತೆಗೆದೆವು ಎಂದರು, ಮತ್ತೆ ಕೀಮೋ ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಇದು. ಗಡ್ಡೆ ಕುಗ್ಗಿಸಲು ಮೊದಲೇ ಕೊಟ್ಟರೆ ನಿಯೋ ಅಡ್ಜುವೆಂಟ್. ರೆಮಿಷನ್ ಎಂದರೆ ರೋಗ ತಗ್ಗಿದೆ. ಪರೀಕ್ಷೆಗಳಲ್ಲಿ ಕಾಣದಷ್ಟು ತಗ್ಗಿದರೆ ಕಂಪ್ಲೀಟ್ ರೆಮಿಷನ್. ಅಷ್ಟಾದರೂ ಕರೆದ ದಿನಕ್ಕೆ ತೋರಿಸಲು ಹೋಗುತ್ತಿರಬೇಕು, ಅದಕ್ಕೆ ಫಾಲೋ ಅಪ್ ಎನ್ನುವುದು. ಐದು ವರ್ಷದ ಸರ್ವೈವಲ್ ಎಂದು ಕೇಳಿ "ಐದೇ ವರ್ಷ ಆಯಸ್ಸಂತೆ" ಎಂದು ಅತ್ತವರಿದ್ದಾರೆ. ಇಂಥ ರೋಗದ ನೂರು ಜನರಲ್ಲಿ ಐದು ವರ್ಷವಾದಾಗ ಎಷ್ಟು ಜನ ಬದುಕಿರುತ್ತಾರೆ ಎಂಬ ಎಣಿಕೆ ಅದು, ಅವರಲ್ಲಿ ಅನೇಕರು ಮುಂದೆಯೂ ಬಹುಕಾಲ ಇರುತ್ತಾರೆ.

ಕಾರ್ಸಿನೋಜೆನ್ ಎಂದರೆ ಕ್ಯಾನ್ಸರ್ ತರಬಲ್ಲ ವಸ್ತು. ಹೊಗೆಸೊಪ್ಪು ಗೊತ್ತೇ ಇದೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಆ ಪಟ್ಟಿಯಲ್ಲಿದೆ ಎಂದರೆ ನಮ್ಮವರು ಒಪ್ಪುವುದಿಲ್ಲ, ಆದರೆ ಇದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಕೂಡ ಇದೆ. ಅದನ್ನು ತಿಂದ ಹಸುವಿನ ಹಾಲಿಗೂ ಅದರ ಅಂಶ ಬರುತ್ತದೆ, ಕುದಿಸಿದರೆ ಹೋಗುವುದಿಲ್ಲ. ಹಾಲಿನಲ್ಲಿ ಒಂದು ಕಿಲೋಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದು ಎಂದು ನಿಯಮವಿದೆ. ಹಿಂಡಿ ಚೀಲವನ್ನು ನೆಲಕ್ಕೆ ತಾಗಿಸಿ ಇಡಬೇಡಿ ಎಂದು ನಾವು ಗೊಣಗುವುದು ಇದಕ್ಕೇ.

ಪ್ಯಾಲಿಯೇಟಿವ್ ಎಂಬ ಪದ ಉಳಿಯಿತು. ಚೀಟಿಯಲ್ಲಿ ಇದು ಕಂಡರೆ "ಕೈಬಿಟ್ಟರು" ಎಂದು ತಿಳಿಯುತ್ತಾರೆ. ನೋವು, ಉಸಿರಾಟದ ಕಷ್ಟ, ವಾಂತಿ ತಗ್ಗಿಸುವ ಚಿಕಿತ್ಸೆ ಅದು. ಉಳಿದ ಚಿಕಿತ್ಸೆ ನಡೆಯುತ್ತಿರುವಾಗಲೂ ಕೊಡುತ್ತಾರೆ. ವಾಸಿಯಾಗುವ ಹಂತ ದಾಟಿದವರಿಗಂತೂ ಅದು ಬೇಕೇಬೇಕು. ಮಾರ್ಫಿನ್ ಮಾತ್ರೆ ಕೊಟ್ಟರೆ ಚಟವಾಗುತ್ತದೆ ಎಂದು ಮನೆಯವರು ಅಡಗಿಸಿಟ್ಟು, ರೋಗಿ ರಾತ್ರಿಯೆಲ್ಲ ನರಳುವುದುಂಟು. ವೈದ್ಯರು ಹೇಳಿದ ಹೊತ್ತಿಗೆ, ಹೇಳಿದ ಅಳತೆಯಲ್ಲಿ ಕೊಡಿ. ಮನೆಯಲ್ಲಿ ನೋಡಿಕೊಳ್ಳಲಾಗದಿದ್ದರೆ ಮಾರತಹಳ್ಳಿ ಕಡೆ ಕರುಣಾಶ್ರಯವಿದೆ. 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವ ಸ್ಥಳ.

ಕಾಗದಗಳ ವಿಷಯ. ಬಯಾಪ್ಸಿ ವರದಿಯ ಮೂಲಪ್ರತಿಯನ್ನೂ, ಗಾಜಿನ ಸ್ಲೈಡ್, ಮೇಣದ ಬ್ಲಾಕ್ ಕೊಟ್ಟರೆ ಅವನ್ನೂ ಜೋಪಾನವಾಗಿಡಿ. ಬೇರೆ ಆಸ್ಪತ್ರೆಗೆ ಹೋದರೆ ಅವರು ಮೊದಲು ಕೇಳುವುದು ಅದನ್ನೇ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಒಯ್ಯಿರಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ. ಪ್ರೀ ಆಥರೈಸೇಶನ್ ಎಂದು ಅವರು ಹೇಳಿದರೆ ಚಿಕಿತ್ಸೆಗೆ ಮುಂಚೆ ಯೋಜನೆಯ ಒಪ್ಪಿಗೆ ಬರಬೇಕು ಎಂದರ್ಥ. ಒಪ್ಪಿಗೆಗೆ ಮುಂಚೆ ಸಾಲ ಮಾಡಿ ಹಣ ಕಟ್ಟಬೇಡಿ. ಯಶಸ್ವಿನಿ ಕಾರ್ಡ್ ಇದ್ದವರು ಯಾವ ಚಿಕಿತ್ಸೆ ಅದರಲ್ಲಿ ಬರುತ್ತದೆ ಎಂದು ಅಲ್ಲಿಯೇ ವಿಚಾರಿಸಿ. ಮೊದಲ ಅನುಮಾನಕ್ಕೆ ನೇರ ಕಿದ್ವಾಯಿಗೇ ಹೋಗಬೇಕೆಂದಿಲ್ಲ, ಜಯನಗರದ ಸರ್ಕಾರಿ ಆಸ್ಪತ್ರೆಯಲ್ಲೋ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತೋರಿಸಿ ಚೀಟಿ ಪಡೆಯಬಹುದು.

ವೈದ್ಯರ ಬಳಿಗೆ ಒಬ್ಬರೇ ಹೋಗಬೇಡಿ. ಆ ಪದ ಕಿವಿಗೆ ಬಿದ್ದ ಮೇಲೆ ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಜೊತೆಗೆ ಬಂದವರು ಸಂಘದ ಪಾಸ್ ಪುಸ್ತಕದ ಹಿಂದಿನ ಹಾಳೆಯಲ್ಲಾದರೂ ನಾಲ್ಕು ಪ್ರಶ್ನೆ ಬರೆದುಕೊಂಡಿರಲಿ: ಯಾವ ಅಂಗದ ರೋಗ? ಯಾವ ಸ್ಟೇಜ್? ವಾಸಿ ಮಾಡಲು ಕೊಡುವ ಚಿಕಿತ್ಸೆಯೋ, ತಗ್ಗಿಸಲು ಕೊಡುವುದೋ? ಒಟ್ಟು ಎಷ್ಟು ಸಲ ಬರಬೇಕು? ಕನ್ನಡದಲ್ಲೇ ಕೇಳಿ. ಅರ್ಥವಾಗದಿದ್ದರೆ "ಇನ್ನೊಂದು ಸಲ ಹೇಳಿ ಸಾರ್" ಎನ್ನಿ. ಹಾಲಿನ ದರ ಹತ್ತು ಪೈಸೆ ಇಳಿದಾಗ ನೀವು ಹತ್ತು ಸಲ ಕೇಳುತ್ತೀರಿ.

ಯಾರ ಮನೆಯಲ್ಲಾದರೂ ಇಂಥ ಕಾಗದವಿದ್ದು ಇಲ್ಲಿ ಎಲ್ಲರ ಮುಂದೆ ತೋರಿಸಲು ಸಂಕೋಚವಾದರೆ, ಸಭೆ ಮುಗಿದ ಮೇಲೆ ನಾನು ಸಂಘದ ಕಚೇರಿಯಲ್ಲೇ ಇರುತ್ತೇನೆ. ಪದಗಳನ್ನು ಓದಿ ಹೇಳುತ್ತೇನೆ, ಔಷಧದ ಮಾತನ್ನು ಅವರ ವೈದ್ಯರೇ ಹೇಳಬೇಕು. ಸಂಜೆ ಹಾಲು ಕರೆಯುವ ಹೊತ್ತಿಗೆ ಇನ್ನೂ ಎರಡು ಗಂಟೆ ಇದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.